ನಿವೃತ್ತಿ ಆದ ಮೇಲೆ ಮೊದಲ ಕಾದಂಬರಿ: ಜಗಳವೇ ಇಲ್ಲದ ಊರಿನ ಕಥೆ ಯಾರು ಓದುತ್ತಾರೆ?

ಸರಪಳಿ ಸರ್ವೇಯರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಬಂದು ಒಂದು ವರ್ಷ ಆಯ್ತು. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಸೈರಿಸಿಕೊಳ್ಳಿ.

ನಾನು ಭೂಮಾಪನ ಇಲಾಖೆಯಲ್ಲಿ 35 ವರ್ಷ ಸರ್ವೇಯರ್ ಆಗಿದ್ದವನು. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಕಡೆಗೆ ದಾವಣಗೆರೆ. ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಕರೆಯುವುದು ನಮ್ಮನ್ನು. ಗಡಿ ಗುರುತಿಸುವ ಹದ್ದುಬಸ್ತು, ಸರ್ವೆ ನಂಬರ್ ಒಡೆಯುವ ಪೋಡಿ, ಪಾಲು ಬೇರೆ ಮಾಡುವ ಹಿಸ್ಸಾ. 33 ಅಡಿಯ ಸರಪಳಿ, ಅದಕ್ಕೆ 16 ಭಾಗ, ಒಂದೊಂದು ಭಾಗಕ್ಕೆ ಆಣೆ ಅಂತ ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದು ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಈಗಿನ ಹುಡುಗರಿಗೆ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದಿದೆ, ಆಕಾಶದಿಂದ ಅಳತೆ. ಜಗಳ ಮಾತ್ರ ನೆಲದ ಮೇಲೇ ಇದೆ.

ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರ ಹೊಲಕ್ಕೆ ಹೋಗಿದ್ದೆ. ನಡುವೆ ಒಂದು ಹುಣಸೆಮರ. ಟಿಪ್ಪಣಿ, ಅಂದರೆ ಹಳೆಯ ಅಳತೆಯ ದಾಖಲೆ, ಹಿಡಿದು ಅಳೆದರೆ ಗೆರೆ ಮರದ ಬೊಡ್ಡೆಯ ನಡುಮಧ್ಯೆ ಹೋಗುತ್ತೆ. ಮೂರು ಸಲ ಅಳೆದೆ. ಅಲ್ಲೇ ಹೋಗುತ್ತೆ. ಅಣ್ಣ ಮರ ಕಡಿಸಿ ಕಲ್ಲು ನೆಡಿ ಅಂದ. ತಮ್ಮ ಮರ ಇರಲಿ, ಕಲ್ಲು ಅತ್ತ ಸರಿಸಿ ನೆಡಿ ಅಂದ. ಅವರ ತಾಯಿ ಆ ಬೊಡ್ಡೆಗೇ ಒರಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ನನ್ನನ್ನು ಕರೆದು ಒಂದು ಹುಣಸೆಹಣ್ಣು ಕೈಗಿಟ್ಟು, "ಇದನ್ನೂ ಎರಡು ಭಾಗ ಮಾಡಪ್ಪ, ಯಾರಿಗೆ ಎಷ್ಟು ಬೀಜ ಬರುತ್ತೆ ನೋಡಾನ" ಅಂದಳು. ನಾನು ನಗಲಿಲ್ಲ. ಪಂಚನಾಮೆ ಬರೆದೆ, ಸಹಿ ಹೆಬ್ಬೆಟ್ಟು ಹಾಕಿಸಿದೆ, ಬಸ್ ಹತ್ತಿದೆ. ಹಣ್ಣು ಜೇಬಿನಲ್ಲೇ ಉಳಿದಿತ್ತು. ಅಂಗಿ ಒಗೆಯುವಾಗ ಮನೆಯವಳು ಬೈದಳು.

ಗಡಿ ತೋರಿಸುವ ಬಾಂದುಕಲ್ಲೇ ಇಲ್ಲದ ಊರು ಒಂದಿದ್ದರೆ ಹೇಗಿರುತ್ತೆ ಅನ್ನೋದು ಆವತ್ತು ತಲೆಗೆ ಹೊಕ್ಕಿತು. ನೌಕರಿಯಲ್ಲಿ ಇರುವಾಗ ಬರೆಯಲು ಆಗಲಿಲ್ಲ. ನಿಜ ಹೇಳಬೇಕು ಅಂದರೆ ನಾಚಿಕೆ. ಊರೆಲ್ಲಾ ಕಲ್ಲು ನೆಡುವವನು ಮನೆಗೆ ಬಂದು ಕಲ್ಲಿಲ್ಲದ ಊರಿನ ಕಥೆ ಬರೆದರೆ ಜನ ಏನಂದಾರು?

60 ಆಯ್ತು, ಬಿಡುಗಡೆ ಆಯ್ತು. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಆಮೇಲೆ ಹತ್ತರಿಂದ ಒಂದು ಗಂಟೆವರೆಗೆ ಬರವಣಿಗೆ. ಎರಡು ವರ್ಷದಲ್ಲಿ ಐದು ಲಾಂಗ್ ನೋಟ್‌ಬುಕ್ ತುಂಬಿದವು. 412 ಪುಟ. ಊರಿನ ಹೆಸರು ಹಂಚಿನಕಟ್ಟೆ. ಹಂಚಿನ ಮನೆಗಳೂ ಹೌದು, ಹಂಚಿಕೊಂಡು ತಿನ್ನೋರೂ ಹೌದು. ಅಲ್ಲಿ ಯಾರ ಹೆಸರಿಗೂ ಪಹಣಿ ಇಲ್ಲ. ಯುಗಾದಿ ಆದ ಮೇಲೆ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಹೂಡುವ ದಿನ ಊರವರೆಲ್ಲಾ ಕೂತು ಕಪ್ಪು ಮಣ್ಣಿನ ಎರೆ ಹೊಲಕ್ಕೆ ಏನು, ಕೆಂಪು ಮಣ್ಣಿನ ಮಸಾರಿಗೆ ಏನು ಅಂತ ತೀರ್ಮಾನ ಮಾಡುತ್ತಾರೆ. ಬೆಳೆ ಒಂದೇ ಕಣಕ್ಕೆ ಬರುತ್ತೆ. ಮನೆಯಲ್ಲಿ ಎಷ್ಟು ಬಾಯಿ ಇವೆಯೋ ಅಷ್ಟು ಪಾಲು. ಕೆರೆ ನೀರು ಬಿಡುವ ನೀರಗಂಟಿ ಚೀಟಿ ಎತ್ತಿ ಆಗುತ್ತಾನೆ, ವರ್ಷಕ್ಕೊಬ್ಬ. ಬರೆಯುವ ಮೊದಲು ಊರಿನ ನಕ್ಷೆಯನ್ನೂ ಹಾಕಿಕೊಂಡೆ, ಅಳತೆ ಸಮೇತ. ಅಭ್ಯಾಸ ಬಲ.

ಈಗ ತೊಂದರೆಗೆ ಬರುತ್ತೇನೆ. ಎರಡಿವೆ.

ಒಂದು: ಮನೆಯವಳಿಗೆ ಓದಲು ಕೊಟ್ಟೆ. ಮೊದಲ ನೋಟ್‌ಬುಕ್ ಮುಗಿಸುವ ಹೊತ್ತಿಗೆ ಎರಡು ಸಲ ನಿದ್ದೆ ಹೋದಳು. ಆಮೇಲೆ ಕೇಳಿದಳು, "ಅಲ್ರೀ, ಈ ಊರಲ್ಲಿ ಒಬ್ಬರಾದರೂ ಬೈದಾಡಲ್ಲ, ಕದಿಯಲ್ಲ, ಓಡಿಹೋಗಲ್ಲ. ಇವರಿಗೆ ಹೊತ್ತಾದರೂ ಹೆಂಗೆ ಹೋಗುತ್ತೆ?" ನನಗೆ ಉತ್ತರ ಹೊಳೆಯಲಿಲ್ಲ. ಜಗಳ ತಂದರೆ ಅದು ನನ್ನ ಊರೇ ಅಲ್ಲ. ತರದಿದ್ದರೆ ಕಥೆಯೇ ಇಲ್ಲ.

ಎರಡು: ಒಬ್ಬ ಪ್ರಕಾಶಕರ ಹತ್ತಿರ ಹೋಗಿದ್ದೆ. ನೋಟ್‌ಬುಕ್ ತೆರೆಯಲೂ ಇಲ್ಲ. "90,000 ಕೊಡಿ ಸರ್, ಸಾವಿರ ಪ್ರತಿ ಹಾಕ್ತೀವಿ, ನೂರು ನಿಮಗೆ, ಉಳಿದದ್ದು ನಾವು ಮಾರ್ಕೊಳ್ತೀವಿ" ಅಂದರು. ಮಾರಿದ ದುಡ್ಡು ಯಾರಿಗೆ ಅಂತ ಕೇಳಿದೆ. "ಅದನ್ನು ಆಮೇಲೆ ಮಾತಾಡೋಣ" ಅಂದರು. ಅರ್ಧ ಗುಂಟೆಗೂ ದಾಖಲೆ ಕೇಳಿದವನು ನಾನು. ಎದ್ದು ಬಂದೆ. ಆದರೆ ಬೇರೆ ದಾರಿ ಯಾವುದು ಅಂತ ತಿಳಿಯದು.

ತಿಳಿದವರು ದಯವಿಟ್ಟು ಹೇಳಿ. ಚೆನ್ನಾಗಿಲ್ಲ ಅಂದರೂ ಬೇಜಾರಿಲ್ಲ. ಕಕ್ಷಿದಾರರ ಕೈಲಿ ಬೈಸಿಕೊಂಡ ಚರ್ಮ ಇದು.

---

ಅಚ್ಚುಮೊಳೆ, ದಾವಣಗೆರೆ

ಸರ್, ಎದ್ದು ಬಂದದ್ದು ಒಳ್ಳೆಯದೇ ಆಯ್ತು. ನಮ್ಮದು ಅಪ್ಪನ ಕಾಲದಿಂದ ಪ್ರೆಸ್. ಮದುವೆ ಕಾರ್ಡಿನಲ್ಲೇ ಹೊಟ್ಟೆ ತುಂಬೋದು, ನಡುವೆ ವರ್ಷಕ್ಕೆ ನಾಲ್ಕೈದು ಪುಸ್ತಕ ಮಾಡಿಕೊಡುತ್ತೇವೆ. ಎರಡನೇ ಪ್ರಶ್ನೆಗೆ ಮಾತ್ರ ಹೇಳಬಲ್ಲೆ. ಮೊದಲನೆಯದಕ್ಕೆ ನಿಮ್ಮ ಮನೆಯವರೇ ಸರಿ.

ಮೊದಲು ಟೈಪ್ ಮಾಡಿಸಿ. ಯೂನಿಕೋಡಿನಲ್ಲೇ ಮಾಡಿ ಅಂತ ಗಟ್ಟಿಯಾಗಿ ಹೇಳಿ. ಹಳೆಯ ನುಡಿ ಅಕ್ಷರದಲ್ಲಿ ಮಾಡಿಸಿ ಆಮೇಲೆ ಬದಲಾಯಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಒಡೆದುಹೋಗುತ್ತವೆ. ಅದನ್ನು ಹುಡುಕಿ ತಿದ್ದುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕರಡನ್ನು ನೀವೊಬ್ಬರೇ ತಿದ್ದಬೇಡಿ. ಬರೆದವನ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಬರೆಯಬೇಕು ಅಂತ ಇದ್ದದ್ದೇ ಕಾಣುತ್ತೆ.

ಪುಸ್ತಕ ಅಚ್ಚಾಗುವುದು ಪುಟದ ಲೆಕ್ಕದಲ್ಲಿ ಅಲ್ಲ, ಫಾರಂ ಲೆಕ್ಕದಲ್ಲಿ. ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಒಂದು ಫಾರಂಗೆ 16 ಪುಟ. ನಿಮ್ಮ 412 ಪುಟ ಕೈಬರಹ ಡೆಮಿ 1/8 ಸೈಜಿನಲ್ಲಿ ಸುಮಾರು 270ಕ್ಕೆ ಬಂತು ಅಂತ ಇಟ್ಟುಕೊಳ್ಳಿ. 272 ಆದರೆ ಸರಿಯಾಗಿ 17 ಫಾರಂ. 275 ಆಯ್ತೋ, ಮೂರು ಪುಟಕ್ಕೋಸ್ಕರ ಇನ್ನೊಂದು ಫಾರಂ ಹೋಗುತ್ತೆ, 13 ಪುಟ ಖಾಲಿ. ಆಗ ಬರೆದವರು ಮುನ್ನುಡಿಗೆ ಒಂದು, ಬೆನ್ನುಡಿಗೆ ಒಂದು, ಷಷ್ಟ್ಯಬ್ದಿ ಫೋಟೋಗೆ ಎರಡು ಅಂತ ತುಂಬಿಸುತ್ತಾರೆ. ಅದರ ಬದಲು ಕಥೆಯಲ್ಲೇ ಮೂರು ಪುಟ ಕಡಿಮೆ ಮಾಡಿ.

ಆಫ್‌ಸೆಟ್ ಅಂದರೆ ಪ್ರತಿ ಫಾರಂಗೂ ಪ್ಲೇಟ್ ಮಾಡಿಸಬೇಕು. 100 ಪ್ರತಿ ಹಾಕಿದರೂ ಅದೇ ಪ್ಲೇಟ್, 1000 ಹಾಕಿದರೂ ಅದೇ ಪ್ಲೇಟ್. ಅದಕ್ಕೇ "ಸಾವಿರ ಹಾಕಿಸಿ, ಒಂದಕ್ಕೆ ಕಡಿಮೆ ಬೀಳುತ್ತೆ" ಅನ್ನುತ್ತಾರೆ. ಮಾತು ನಿಜ. ಆದರೆ ಖರ್ಚಾಗದೆ ಉಳಿದ 800 ನಿಮ್ಮ ಮಂಚದ ಕೆಳಗೆ ಬರುತ್ತವೆ, ಆ ಜಾಗದ ಬಾಡಿಗೆ ಯಾರೂ ಲೆಕ್ಕ ಹಾಕಲ್ಲ. ಮೊದಲ ಪುಸ್ತಕ, ಹೊಸ ಹೆಸರು. ಡಿಜಿಟಲ್‌ನಲ್ಲಿ ನೂರೋ ಇನ್ನೂರೋ ಹಾಕಿಸಿ. ಒಂದೊಂದಕ್ಕೆ ಜಾಸ್ತಿ ಬೀಳುತ್ತೆ, ಒಟ್ಟು ಕಳೆದುಕೊಳ್ಳುವುದು ಕಡಿಮೆ. ಖರ್ಚಾದರೆ ಮತ್ತೆ ಹಾಕಿಸಬಹುದು. ಒಳಗೆ 70 ಜಿಎಸ್‌ಎಂ ದಪ್ಪದ ಮ್ಯಾಪ್‌ಲಿಥೋ ಕಾಗದ ಸಾಕು.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರಿಗೆ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ನೀವೇ ಪ್ರಕಾಶಕರಾದರೆ ಇನ್ನೊಂದು ಕೆಲಸ ಇದೆ. 1954ರ ಕಾಯ್ದೆ ಪ್ರಕಾರ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿಗೆ ಒಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಲೈಬ್ರರಿಗೂ ಒಂದೊಂದು. ಜನ ಮರೆಯುತ್ತಾರೆ. ನೀವು ಮರೆಯಲ್ಲ ಅಂತ ಗೊತ್ತು, ಸರ್ವೇಯರ್ ಅಲ್ವಾ.

ಕೃತಿಸ್ವಾಮ್ಯ ಬರೆದ ಕೂಡಲೇ ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಕಾಲ ಆದ ಮೇಲೂ 60 ವರ್ಷ ಮನೆಯವರಿಗೆ ಇರುತ್ತೆ. ಬೇರೆ ಪ್ರಕಾಶಕರಿಗೆ ಹಕ್ಕು ಕೊಡುವುದಾದರೆ ಬರವಣಿಗೆಯಲ್ಲಿ ಕರಾರು ಆಗಲಿ, ಎಷ್ಟು ವರ್ಷಕ್ಕೆ ಅಂತ ಬರೆಸಿ. ವರ್ಷ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತೆ.

ಪುಸ್ತಕ ಪ್ರಾಧಿಕಾರದಿಂದ ಚೊಚ್ಚಲ ಕೃತಿಗೆ ಸಹಾಯಧನ ಇದೆ ಅಂತ ಯಾರಾದರೂ ಹೇಳಿದರೆ ಓಡಬೇಡಿ. ಅದು ಯುವ ಬರಹಗಾರರಿಗೆ. 62ರಲ್ಲಿ ಚೊಚ್ಚಲ ಹೆರಿಗೆ ಆದವರನ್ನು ಸರ್ಕಾರ ಇನ್ನೂ ಯೋಚಿಸಿಲ್ಲ.

---

ಜೋಗಿಮಟ್ಟಿ ಮೇಷ್ಟ್ರು, ಚಿತ್ರದುರ್ಗ

ಸರ್ವೇಯರ್ ಸಾಹೇಬರೇ, ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಪಾಠ ಬಿಟ್ಟರೂ ಚಟ ಬಿಟ್ಟಿಲ್ಲ, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ನಿಮ್ಮ ತೊಂದರೆ ಹೊಸದಲ್ಲ. ಇಂಥ ಊರಿಗೆ ಯುಟೋಪಿಯಾ ಅಂತ ಹೆಸರಿಟ್ಟವನು ಲಂಡನ್ನಿನ ವಕೀಲ ಥಾಮಸ್ ಮೋರ್. 1516ರಲ್ಲಿ ಲ್ಯಾಟಿನ್‌ನಲ್ಲಿ ಬರೆದ. ಗ್ರೀಕ್ ಮಾತಿನಿಂದ ಕಟ್ಟಿದ ಹೆಸರು, ಎಲ್ಲೂ ಇಲ್ಲದ ಊರು ಅಂತ ಅರ್ಥ. ಒಳ್ಳೆಯ ಊರು ಅಂತಲೂ ಕಿವಿಗೆ ಕೇಳುತ್ತೆ. ನಿಮ್ಮ ಹಂಚಿನಕಟ್ಟೆಯ ಹಾಗೆಯೇ ಒಂದು ಶ್ಲೇಷೆ. ಆ ಪುಸ್ತಕ ಹುಟ್ಟಿದ್ದೂ ನಿಮ್ಮ ಸಂಕಟದಿಂದಲೇ. ಆಗ ಇಂಗ್ಲೆಂಡಿನಲ್ಲಿ ಉಳ್ಳವರು ಊರ ಗೋಮಾಳಕ್ಕೆಲ್ಲಾ ಬೇಲಿ ಹಾಕಿ ಕುರಿ ಬಿಡುತ್ತಿದ್ದರು, ಉಣ್ಣೆಗಾಗಿ. ಉಳುವವರು ಬೀದಿಗೆ ಬಿದ್ದರು. ಇಲ್ಲಿ ಕುರಿಗಳು ಮನುಷ್ಯರನ್ನೇ ಮೇಯುತ್ತಿವೆ ಅಂತ ಮೊದಲ ಭಾಗದಲ್ಲೇ ಬರೆಯುತ್ತಾನೆ. ಊರಿನ ವರ್ಣನೆ ಬರುವುದು ಎರಡನೇ ಭಾಗದಲ್ಲಿ. ಬಾಗಿಲಿಗೆ ಬೀಗ ಇಲ್ಲ. ದಿನಕ್ಕೆ 6 ಗಂಟೆ ಕೆಲಸ. 10 ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸಿಕೊಳ್ಳುತ್ತಾರೆ. ಚಿನ್ನದಲ್ಲಿ ಉಚ್ಚೆ ಪಾತ್ರೆ ಮಾಡಿಸುತ್ತಾರೆ, ಯಾರಿಗೂ ಆಸೆ ಹುಟ್ಟಬಾರದು ಅಂತ.

ನೋಡಿ, ಅವನು ಮೊದಲು ಬೇಲಿ ತೋರಿಸಿದ, ಆಮೇಲೆ ಬೇಲಿ ಇಲ್ಲದ ಊರು ತೋರಿಸಿದ. ನೀವು ಹುಣಸೆಮರವನ್ನು ಇಲ್ಲಿ ನಮಗೆ ಹೇಳಿದಿರಿ, ಕಾದಂಬರಿಯಲ್ಲಿ ಇದೆಯಾ?

ಇನ್ನೊಬ್ಬ ಅಮೆರಿಕದ ಬೆಲಾಮಿ. 1888ರ ಪುಸ್ತಕ. 1887ರಲ್ಲಿ ಮಲಗಿದವನು 2000ದಲ್ಲಿ ಎದ್ದು ಕೂರುತ್ತಾನೆ. ಆಗಿನ ಕಾಲಕ್ಕೆ ಬಿಸಿ ದೋಸೆ ಹಾಗೆ ಖರ್ಚಾಯಿತು. ಈಗ ಓದಿದರೆ ಒಬ್ಬ ಡಾಕ್ಟರು ಊಟಕ್ಕೆ ಮುಂಚೆ, ಊಟ ಆದ ಮೇಲೆ, ಮಲಗುವ ತನಕ ಭಾಷಣ ಮಾಡುತ್ತಾನೆ. ನಿಮ್ಮ ಮನೆಯವರು ಅದಕ್ಕೂ ನಿದ್ದೆ ಹೋಗುತ್ತಿದ್ದರು. ನಿದ್ದೆ ಬಾರದ್ದು ಬೇಕು ಅಂದರೆ ಬಂಗಾಳದ ಬೇಗಂ ರೊಕೆಯಾ 1905ರಲ್ಲಿ ಮದ್ರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಬರೆದ ಸುಲ್ತಾನಳ ಕನಸು ಓದಿ. ಅಲ್ಲಿ ಗಂಡಸರು ಮನೆಯೊಳಗೆ ಪರದೆಯ ಹಿಂದೆ, ಹೆಂಗಸರು ಹೊರಗೆ ರಾಜ್ಯಭಾರ. ಬಿಸಿಲಿನ ಕಾವಿನಲ್ಲೇ ಅಡುಗೆ. ನಾಲ್ಕಾರು ಪುಟದಲ್ಲಿ ನಗಿಸಿ ಚುಚ್ಚಿ ಮುಗಿಸುತ್ತಾಳೆ.

ನಮ್ಮಲ್ಲೂ ಏನು ಕಡಿಮೆ ಇಲ್ಲ. ಸಂತ ರವಿದಾಸರು ಬೇಗಂಪುರ ಅಂತ ಹಾಡಿದ್ದಾರೆ, ದುಃಖವೇ ಇಲ್ಲದ ಊರು, ಕಂದಾಯವೂ ಇಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ ಅಂತೂ ಬರೀ ಹಾಡಲ್ಲ, ಕಟ್ಟಿಯೇ ನೋಡಿದರು. ವಿನೋಬಾ ಅವರ ಭೂದಾನ 1951ರಲ್ಲಿ ಪೋಚಂಪಲ್ಲಿಯಲ್ಲಿ ಶುರುವಾಯಿತು, ಮುಂದೆ ಅದು ಇಡೀ ಊರಿನ ಜಮೀನು ಊರಿಗೇ ಸೇರುವ ಗ್ರಾಮದಾನ ಆಯಿತು. ಗ್ರಾಮದಾನದ ಕಾಗದಪತ್ರ ನಿಮ್ಮ ಇಲಾಖೆಯವರಿಗೆ ಎಷ್ಟು ತಲೆನೋವು ಕೊಟ್ಟಿರಬಹುದು ಅಂತ ನೀವೇ ಊಹಿಸಿ. ಅದರಲ್ಲೇ ಒಂದು ಕಾದಂಬರಿ ಇದೆ.

ದುರ್ಗದವನು ಕೋಟೆ ಸುದ್ದಿ ಇಲ್ಲದೆ ಮಾತು ಮುಗಿಸಿದರೆ ಊರಿನವರು ಸೇರಿಸುವುದಿಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಮೇಲಕ್ಕೆ ಬನ್ನಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಇನ್ನೂ ಕೆಳಗೆ. ಪಂಪಿಲ್ಲ, ಮೋಟರಿಲ್ಲ. ಮೇಲಿನದು ತುಂಬದೆ ಕೆಳಗಿನದಕ್ಕೆ ಹನಿ ಇಲ್ಲ. ನಿಮ್ಮ ಹಂಚಿನಕಟ್ಟೆಯಲ್ಲಿ ಕೆಳಗಿನ ಹೊಂಡದವರು ಯಾರು ಅಂತ ಯೋಚಿಸಿ.

---

ಹಿರಿಯೂರು ಟೀಚರ್

ಸರ್, ನಮಸ್ಕಾರ. ಪ್ರೈಮರಿ ಸ್ಕೂಲ್ ಟೀಚರಾಗಿದ್ದೆ, ಹೋದ ವರ್ಷ ರಿಟೈರ್ ಆದೆ. ಮೇಷ್ಟ್ರು ಒಂದು ಮಾತು ನುಂಗಿಕೊಂಡರು, ನಾನು ಹೇಳಿಬಿಡುತ್ತೇನೆ. ಮೋರ್ ಪುಸ್ತಕವನ್ನು ಮಗಳು ಕಾಲೇಜಿನಲ್ಲಿ ಓದುವಾಗ ನನಗೂ ಕೂತು ಹೇಳಿದ್ದಳು. ಆ ಬಂಗಾರದಂಥ ಊರಲ್ಲಿ ದನ ಕಡಿಯುವವರು ಯಾರು ಗೊತ್ತಾ? ಗುಲಾಮರು. ಅದೂ ಊರ ಹೊರಗೆ. ಉಳಿದವರ ಮನಸ್ಸು ಕಲ್ಲಾಗಬಾರದು ಅಂತ ಆ ಕೆಲಸ ಗುಲಾಮರಿಗೆ. ಅವರ ಮನಸ್ಸಿನ ಸುದ್ದಿ ಯಾರಿಗೂ ಬೇಡ.

ನೀವು ನಕ್ಷೆ ಹಾಕಿಕೊಂಡಿದ್ದೇನೆ ಅಂದಿರಿ. ನನಗೆ ಕಥೆಗಿಂತ ಅದರ ಮೇಲೇ ಕಣ್ಣು. ಸುಮ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಹಂಚಿನಕಟ್ಟೆಯಲ್ಲಿ ಎ.ಕೆ. ಕಾಲೋನಿ, ಅಂದರೆ ದಲಿತರ ಕೇರಿ, ಎಲ್ಲಿದೆ? ಇಲ್ಲ ಅಂದರೆ ಯಾವತ್ತಿನಿಂದ ಇಲ್ಲ? ಸತ್ತ ದನ ಎತ್ತುವವರು ಯಾರು? ನೀರಗಂಟಿ ಚೀಟಿಯಲ್ಲಿ ಎಲ್ಲರ ಹೆಸರೂ ಇರುತ್ತಾ?

ನಾನು ಹುಟ್ಟಿ ಬೆಳೆದದ್ದು ಅಂಥ ಕೇರಿಯಲ್ಲೇ. ನಮ್ಮೂರಿಗೆ ಸರ್ವೆಗೆ ಬಂದವರು ನಮ್ಮ ಕೇರಿಯ ಹತ್ತಿರ ನೀರು ಕೇಳಿದ್ದು ನಾನು ಕಂಡಿಲ್ಲ. ಆಮೇಲೆ ಗೊಲ್ಲರಹಟ್ಟಿಯ ಶಾಲೆಯಲ್ಲಿ ಒಂಬತ್ತು ವರ್ಷ ಇದ್ದೆ. ಮುಟ್ಟಾದ ಹುಡುಗಿಯರು ಹಟ್ಟಿಯಾಚೆ ಒಂದು ಗುಡಿಸಲಲ್ಲಿ ಕೂರುತ್ತಿದ್ದರು. ಮಳೆ ಬರಲಿ, ಹಾವು ಬರಲಿ. ಯಾವ ನಕ್ಷೆಯಲ್ಲಾದರೂ ಆ ಗುಡಿಸಲು ಇರುತ್ತಾ ಸರ್?

ಜಗಳ ಇಲ್ಲ ಅಂತ ಕೊರಗುತ್ತಿದ್ದೀರಿ. ನಕ್ಷೆ ತೆಗೆದು ನೋಡಿ.

---

ಮಂಡಕ್ಕಿ ಮಿರ್ಚಿ

ಎಲ್ಲದರಲ್ಲೂ ಜಾತಿ ಯಾಕೆ ತರಬೇಕು? ಪಾಪ, ಹಿರಿಯರು ಒಂದು ಒಳ್ಳೆಯ ಊರಿನ ಕನಸು ಕಂಡಿದ್ದಾರೆ. ಕನಸಿನಲ್ಲಾದರೂ ಅದು ಬೇಡ ಬಿಡಿ. ಸರ್, ನೀವು ಬರೆದದ್ದನ್ನು ಬರೆದ ಹಾಗೇ ಹಾಕಿಸಿ. ಆನ್‌ಲೈನ್‌ನಲ್ಲಿ ಧಾರಾವಾಹಿ ಥರ ಬಿಡಿ, ಪುಕ್ಕಟೆ.

---

ಹಿರಿಯೂರು ಟೀಚರ್

@ಮಂಡಕ್ಕಿ ಮಿರ್ಚಿ, ನಾನು ತರಲಿಲ್ಲ ತಮ್ಮಾ. ಇದೆಯಾ ಅಂತ ಕೇಳಿದೆ.

---

ಸರಪಳಿ ಸರ್ವೇಯರ್, ದಾವಣಗೆರೆ

ನಾಲ್ಕು ದಿನ ಇತ್ತ ಬರಲಿಲ್ಲ. ಕಾರಣ ಹೇಳುತ್ತೇನೆ.

ಟೀಚರಮ್ಮನವರ ಮಾತು ಓದಿ ಮೊದಲು ಸ್ವಲ್ಪ ಕೋಪ ಬಂತು. ನನ್ನ ಊರಲ್ಲಿ ಜಾತಿಯೇ ಇಲ್ಲ, ಎರಡನೇ ಅಧ್ಯಾಯದಲ್ಲೇ ಒಂದು ಸಾಲು ಬರೆದಿದ್ದೇನೆ ಅಂತ ಉತ್ತರ ಕುಟ್ಟಲು ಕೂತೆ. ಆ ಸಾಲು ಹುಡುಕಲು ಮೊದಲ ನೋಟ್‌ಬುಕ್ ತೆಗೆದೆ. ರಟ್ಟಿನ ಒಳಗೆ ನಕ್ಷೆ ಅಂಟಿಸಿದ್ದೆ. ಎರಡು ವರ್ಷದಿಂದ ಅದನ್ನು ಸರಿಯಾಗಿ ನೋಡಿರಲಿಲ್ಲ.

ಮೇಲೆ ಉತ್ತರದ ಬಾಣ. ಪಶ್ಚಿಮಕ್ಕೆ ಕೆರೆ, ಏರಿ, ತೂಬು, ಕೋಡಿ. ನಡುವೆ ಮನೆಗಳಿರುವ ಗ್ರಾಮಠಾಣ. ಆಂಜನೇಯನ ಗುಡಿ, ಶಾಲೆ, ಕಣ. ಪೂರ್ವಕ್ಕೆ ಹಳ್ಳ. ಹಳ್ಳದ ಆಚೆ ಹನ್ನೆರಡು ಸಣ್ಣ ಚೌಕ, ಒತ್ತೊತ್ತಾಗಿ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ಕಾಲೋನಿ" ಅಂತ ಬರೆದಿದೆ.

ಅದನ್ನು ಯಾವಾಗ ಬರೆದೆ ಅಂತ ನೆನಪೇ ಇಲ್ಲ. ಯೋಚಿಸಿ ಬರೆದದ್ದಲ್ಲ. 35 ವರ್ಷ ಎಷ್ಟು ಊರಿನ ನಕ್ಷೆ ಬಿಡಿಸಿದ್ದೇನೋ, ಕೈ ತಾನಾಗಿ ಅಲ್ಲಿಗೆ ಹೋಗಿದೆ. ಊರಿನಿಂದ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ನೋಡಿದೆ. ಹನ್ನೊಂದು ಸರಪಳಿ, 363 ಅಡಿ. ಹಳ್ಳದ ಅಗಲವೇ ಎರಡು ಸರಪಳಿ. ಸೇತುವೆ ಹಾಕಿಲ್ಲ.

ಆಮೇಲೆ ಐದೂ ನೋಟ್‌ಬುಕ್ ತಿರುವಿದೆ. 412 ಪುಟದಲ್ಲಿ ಆ ಹನ್ನೆರಡು ಮನೆಯಿಂದ ಒಬ್ಬರೂ ಬಂದಿಲ್ಲ. ಒಂದು ಮಾತಾಡಿಲ್ಲ. ಕಣದಲ್ಲಿ ಪಾಲು ಹಾಕುವಾಗ ನಾನು ಬಾಯಿ ಲೆಕ್ಕ ಬರೆದಿದ್ದೆ, ಊರಲ್ಲಿ ಒಟ್ಟು 318 ಬಾಯಿ. ಕೂಡಿಸಿ ನೋಡಿದೆ. ಹಳ್ಳದ ಈಚೆ ಮನೆಗಳದೇ 318. ಅವರು ಏನು ತಿನ್ನುತ್ತಿದ್ದರೋ.

ಮನೆಯವಳಿಗೆ ತೋರಿಸಿದೆ. "ಅದಕ್ಕೇನು, ಅಳಿಸಿಬಿಡಿ" ಅಂದಳು. ರಬ್ಬರ್ ತೆಗೆದುಕೊಂಡೆ. ಅಳಿಸಲು ಬರುವುದಿಲ್ಲ, ನಕ್ಷೆಯನ್ನು ಇಂಕಿನಲ್ಲೇ ಬಿಡಿಸುವ ಚಾಳಿ ನಂದು.

@ಮಂಡಕ್ಕಿ ಮಿರ್ಚಿ ಅವರೇ, ನಿಮ್ಮ ಕಾಳಜಿ ಅರ್ಥ ಆಯಿತು. ಆದರೆ ಕನಸಿನಲ್ಲಿ ಅದನ್ನು ತಂದವನು ನಾನೇ, ಅವರಲ್ಲ. ಕಾಗದದ ಮೇಲೆ ಸಾಕ್ಷಿ ಇದೆ.

ಟೀಚರಮ್ಮ, ನೀರಿನ ಮಾತೂ ನಿಜ. ನಮಗೆ ಎಳನೀರು ಕೊಯ್ದು ಕೊಡುತ್ತಿದ್ದದ್ದು ಊರ ಗೌಡರ ಮನೆಯಲ್ಲಿ. ಸರಪಳಿಯ ಇನ್ನೊಂದು ತುದಿ ಹಿಡಿದು ಮುಳ್ಳಿನಲ್ಲಿ ನಡೆಯುತ್ತಿದ್ದ ಆಳು ಬಹಳ ಸಲ ಕೇರಿಯವನೇ. ಅವನು ಎಲ್ಲಿ ನೀರು ಕುಡಿದ ಅಂತ ನಾನು ಕೇಳಿದ್ದಿಲ್ಲ.

ಈಗ ಏನು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ಹೊಸ ನಕ್ಷೆ ಬರೆದು ಹನ್ನೆರಡು ಮನೆಯನ್ನು ಗುಡಿ ಪಕ್ಕಕ್ಕೆ ತಂದು ಕೂರಿಸಬಹುದು. ಅರ್ಧ ಗಂಟೆ ಕೆಲಸ. ಆದರೆ ಅದು ಯಾಕೋ ಲಂಚ ತೆಗೆದುಕೊಂಡು ಕಲ್ಲು ಸರಿಸಿದ ಹಾಗೆ ಅನ್ನಿಸುತ್ತೆ.

---

ಹಿರಿಯೂರು ಟೀಚರ್

ಸರಿಸಬೇಡಿ ಸರ್. ಅಲ್ಲೇ ಇರಲಿ.

ಮೂವತ್ತು ವರ್ಷ ಮಕ್ಕಳಿಗೆ ಕಥೆ ಹೇಳಿದ ಅಭ್ಯಾಸದಲ್ಲಿ ಒಂದು ಹೇಳುತ್ತೇನೆ. "ಎಲ್ಲರೂ ಸುಖವಾಗಿದ್ದರು" ಅಂತ ಶುರು ಮಾಡಿದರೆ ಹಿಂದಿನ ಬೆಂಚು ಆಗಲೇ ಪೆನ್ಸಿಲ್ ಕಿತ್ತಾಡುತ್ತಿರುತ್ತೆ. "ಹಳ್ಳದ ಆಚೆ ಒಬ್ಬಳು ಹುಡುಗಿ ಇದ್ದಳು, ಅವಳಿಗೆ ಒಂದು ಲೆಕ್ಕ ತಪ್ಪಿದೆ ಅಂತ ಗೊತ್ತಾಯಿತು" ಅನ್ನಿ. ತರಗತಿ ಗಪ್‌ಚಿಪ್. 318 ಅನ್ನೋದು ತಪ್ಪು ಅಂತ ಕಣಕ್ಕೆ ಬಂದು ಹೇಳೋರು ಯಾರು? ಸುಗ್ಗಿ ದಿನ, ಎಲ್ಲರ ಮುಂದೆ. ನಿಮ್ಮ ಊರಿನವರು ಒಳ್ಳೆಯವರು ಅಲ್ವಾ, ಹೊಡೆಯೋದಿಲ್ಲ, ಬೈಯೋದಿಲ್ಲ. ಹಾಗಾದರೆ ಏನು ಮಾಡುತ್ತಾರೆ? ನನಗೆ ಅದನ್ನು ಓದಬೇಕು. ಒಳ್ಳೆಯವರ ಮುಖ ಆಗ ಹೇಗಾಗುತ್ತೆ ಅಂತ ನಾನು ಬೇಕಾದಷ್ಟು ನೋಡಿದ್ದೇನೆ.

ಒಂದೇ ಕೋರಿಕೆ. ಆ ಹುಡುಗಿ ಬಾಯಲ್ಲಿ ಭಾಷಣ ಇಡಬೇಡಿ. ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ, ಅಷ್ಟು ಸಾಕು.

---

ಜೋಗಿಮಟ್ಟಿ ಮೇಷ್ಟ್ರು, ಚಿತ್ರದುರ್ಗ

ಗುಲಾಮರ ವಿಷಯ ನಾನು ನುಂಗಿದ್ದಲ್ಲ, ಮರೆತದ್ದು. ನುಂಗಿದ್ದಕ್ಕಿಂತ ಅದೇ ಕೆಟ್ಟದ್ದು. ತಪ್ಪಾಯಿತು ಟೀಚರ್.

ಸಾಹೇಬರೇ, ಬರೆದಾದ ಮೇಲೆ ದುರ್ಗಕ್ಕೆ ಬನ್ನಿ. ನಾಲ್ಕು ಜನ ಕೂತು ಜೋರಾಗಿ ಓದಿಸೋಣ. ಜೋರಾಗಿ ಓದಿದಾಗ ಎಲ್ಲಿ ಕೇಳುವವರು ಕಾಲು ಬದಲಾಯಿಸಿ ಕೂರುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಪುಟಗಳನ್ನು ತೆಗೆದರೆ ಅಚ್ಚುಮೊಳೆಯವರ ಫಾರಂ ಲೆಕ್ಕವೂ ಸರಿಹೋಗುತ್ತೆ.

---

ಸರಪಳಿ ಸರ್ವೇಯರ್, ದಾವಣಗೆರೆ

ಆರನೇ ನೋಟ್‌ಬುಕ್ ತಂದಿದ್ದೇನೆ. ಕಣದ ಅಧ್ಯಾಯ ಮೊದಲಿಗೆ ಬಂತು. ಹುಡುಗಿ ಹಳ್ಳ ದಾಟಿ ಬರುವವರೆಗೆ ಬರೆದಿದ್ದೇನೆ. ಮಳೆಗಾಲ ಬೇರೆ, ಸೇತುವೆ ಇಲ್ಲ, ಬರೋದೇ ಕಷ್ಟ ಆಯ್ತು ಅವಳಿಗೆ. ಮನೆಯವಳು ಎಂಟು ಪುಟ ಒಂದೇ ಏಟಿಗೆ ಓದಿ, "ಮುಂದಿನದು ಎಲ್ಲಿ?" ಅಂದಳು. ಇನ್ನೂ ಬರೆದಿಲ್ಲ ಅಂದೆ. "ಹಂಗಾದ್ರೆ ಕೆರೆ ಸುತ್ತೋದು ಬಿಟ್ಟು ಕೂತ್ಕಳ್ರಿ" ಅಂದಳು.

@ಅಚ್ಚುಮೊಳೆ ಅವರೇ, ಒಂದು ಕೇಳುವುದಿತ್ತು. ಆ ಹಳೆಯ ನಕ್ಷೆಯನ್ನು ಇದ್ದ ಹಾಗೇ ಪುಸ್ತಕದಲ್ಲಿ ಹಾಕಬೇಕು ಅಂತ ಆಸೆ. ಎದುರುಬದುರು ಎರಡು ಪುಟಕ್ಕೆ ಬರುವ ಹಾಗೆ. ಆಗುತ್ತಾ?

---

ಅಚ್ಚುಮೊಳೆ, ದಾವಣಗೆರೆ

ಆಗುತ್ತೆ ಸರ್, ಸ್ಕ್ಯಾನ್ ಮಾಡಿ ಕಳಿಸಿ. ಆದರೆ ನೀವು ಹೇಳಿದ ಪ್ರಕಾರ ಹಳ್ಳ ಸರಿಯಾಗಿ ನಡುವೆ, ಮಡಿಕೆಯಲ್ಲಿ ಬೀಳಬಹುದು. ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಅಷ್ಟು ಜಾಗ ಅಂಟಿನ ಒಳಗೆ ಹೋಗುತ್ತೆ. ಹಳ್ಳ ಕಾಣಲ್ಲ, ಊರೂ ಕಾಲೋನಿಯೂ ಅಕ್ಕಪಕ್ಕ ಇದ್ದ ಹಾಗೆ ಕಾಣುತ್ತೆ. ಹಳ್ಳವನ್ನು ಅರ್ಧ ಇಂಚು ಎಡಕ್ಕೆ ಸರಿಸಬಹುದಾ?

---

ಸರಪಳಿ ಸರ್ವೇಯರ್, ದಾವಣಗೆರೆ

ಹಳ್ಳ ಸರಿಸೋದಿಲ್ಲ, ಅದು ಅಳತೆ ಆಗಿದೆ. ನಕ್ಷೆಯನ್ನು ಚಿಕ್ಕದು ಮಾಡಿ ಒಂದೇ ಪುಟದಲ್ಲಿ ಅಡ್ಡಕ್ಕೆ ಹಾಕಿ. ಓದುವವರು ಪುಸ್ತಕ ತಿರುಗಿಸಿ ನೋಡಲಿ.